ಉಪ್ಪಿನ ಮರಿಗೆಯ ಮೇಲಿನ ಸಂತ

ಹಿಂಬದಿಯ ಗೋಡೆಯಲ್ಲಿ ಗಂಟೆ ಎರಡು ಸಲ ಬಡಿಯಿತು. ಬೆನ್ನಿಗೇ ಯಾರೋ ಓಡಿಹೋದ ಹೆಜ್ಜೆ ಸದ್ದು. ಅದೂ ಓಣಿಯ ತಿರುವಿನಲ್ಲಿ, ಕಾಲುವೆಯ ಹತ್ತಿರ ನಿಂತುಹೋಯಿತು. ಒಲೆಗೆ ಇದ್ದಿಲು ಹಾಕುತ್ತಿದ್ದ ಓರ್ಸೆತ್ತಾ ಅದೇ ಕೈಯಲ್ಲಿ ಶಿಲುಬೆಯ ಗುರುತು ಮಾಡಿಕೊಂಡಳು. ಹಣೆಗೆ ಮಸಿ ಹತ್ತಿತು.

ಅವಳ ಕಿಟಕಿಗೂ ಅನಾಥಾಲಯದ ಗೋಡೆಗೂ ನಡುವೆ ಇದ್ದದ್ದು ಒಬ್ಬರು ನಡೆದುಹೋಗುವಷ್ಟು ಜಾಗ. ಆ ಗೋಡೆಯಲ್ಲೊಂದು ತಿರುಗುವ ತೊಟ್ಟಿಲು. ಕೂಸನ್ನು ಅದರಲ್ಲಿ ಮಲಗಿಸಿ, ಗಂಟೆ ಎಳೆದು, ತೊಟ್ಟಿಲನ್ನು ತಿರುಗಿಸಿದರೆ ಕೂಸು ಒಳಗೆ, ತಾಯಿ ಹೊರಗೆ. ಕೂಸಿನ ಬಟ್ಟೆಗೆ ಏನಾದರೊಂದು ಗುರುತಿನ ಅರ್ಧ ಕಟ್ಟಿರುತ್ತಿತ್ತು: ಮುರಿದ ಪದಕ, ತುಂಡು ರಿಬ್ಬನ್ನು, ಹೀಗೆ. ಇನ್ನರ್ಧ ತಾಯಿಯ ಹತ್ತಿರ. ಕಾಲ ತಿರುಗಿ ಒಳ್ಳೆಯದಾದರೆ, ಅರ್ಧಕ್ಕೆ ಅರ್ಧ ಕೂಡಿಸಿ ತೋರಿಸಿ ಮಗುವನ್ನು ಕರೆದೊಯ್ಯಬಹುದಿತ್ತು. ಕರೆದೊಯ್ದವರು ಕಡಿಮೆ. ಓರ್ಸೆತ್ತಾ ಆ ಗಂಟೆಯ ಪಕ್ಕದಲ್ಲೇ ಹುಟ್ಟಿದವಳು. ವೆನಿಸ್‌ನಲ್ಲಿ ಉಳಿದವರು ಮಂಜನ್ನು ಹೇಗೆ ನೋಡುತ್ತಿದ್ದರೋ ಹಾಗೆ ಅವಳು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಅಂದರೆ ಕೈ ತಾನಾಗಿ ಶಿಲುಬೆ ಹಾಕುತ್ತಿತ್ತು, ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ.

ಅವಳದು ಕತ್ತರಿಯ ಕೆಲಸ. ಪೂರ್ವದೇಶದ ಅರಗಿನ ಪೆಟ್ಟಿಗೆಗಳು ಅರಮನೆಯವರ ಪಾಲು. ಆ ಹೊಳಪು ತಮ್ಮ ಮನೆಗೂ ಬೇಕೆನ್ನುವ ಉಳಿದವರಿಗೆ ಬೋರ್ತೊಲೊನ ಅಂಗಡಿಯಿತ್ತು. ಕಾಫಿ ತಟ್ಟೆ, ಬಾಚಣಿಗೆಯ ಪೆಟ್ಟಿಗೆ, ಒಲೆ ಊದುವ ತಿದಿ, ಯಾವುದನ್ನೇ ತಂದರೂ ಅದಕ್ಕೆ ಬಣ್ಣ ಬಳಿದು, ಅಚ್ಚಿನ ಚಿತ್ರಗಳಿಂದ ಕತ್ತರಿಸಿದ ಹೂವು, ಹಕ್ಕಿ, ಕೊಡೆ ಹಿಡಿದ ಚೀನದವರನ್ನು ಹಿಟ್ಟಿನ ಅಂಟಿನಲ್ಲಿ ಅಂಟಿಸುತ್ತಿದ್ದರು. ಆಮೇಲೆ ರಾಳದ ವಾರ್ನಿಷ್, ಪದರದ ಮೇಲೆ ಪದರ, ವಾರಗಟ್ಟಲೆ. ಕೊನೆಗೆ ಬೋರ್ತೊಲೊ ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸುತ್ತಿದ್ದ. ಕಾಗದದ ಅಂಚು ಬೆರಳಿಗೆ ಸಿಕ್ಕಿತೋ, ಆ ಕೆಲಸ ಕೆಟ್ಟಂತೆ. ಓರ್ಸೆತ್ತಾ ಕತ್ತರಿಸಿದ ಅಂಚು ಅವನ ಬೆರಳಿಗೆ ಎಂದೂ ಸಿಕ್ಕಿರಲಿಲ್ಲ.

ಹನ್ನೆರಡರ ಹುಡುಗಿಯಾಗಿ ಅಂಗಡಿಯ ಮೆಟ್ಟಿಲು ಹತ್ತಿದವಳು. ಮದುವೆಯಾದಳು, ಮಕ್ಕಳಾಗಲಿಲ್ಲ, ಗಂಡ ಹೋದ, ಕತ್ತರಿ ಉಳಿಯಿತು. ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿದ ಗಂಟು. ಅರ್ಧ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಹಾಳೆಯ ಅಂಚಿನಲ್ಲಿ ಅರ್ಧಕ್ಕೇ ನಿಂತ ಮರಕ್ಕೆ ಬೇರೆ ಹಾಳೆಯ ಕೊಂಬೆ ಜೋಡಿಸುವಳು, ಒಂಟಿ ರೆಕ್ಕೆಯ ಹಕ್ಕಿಗೆ ಇನ್ನೊಂದು ಹಕ್ಕಿಯ ರೆಕ್ಕೆ. ಮಾತಿನಲ್ಲೂ ಅದೇ ಚಾಳಿ. "ಓರ್ಸೆತ್ತಕ್ಕನ ಮುಂದೆ ಅರ್ಧ ಮಾತಾಡಿ ಬಿಡ್ಬೇಡ್ರಪ್ಪ, ಮಿಕ್ಕಿದ್ದು ಅವಳೇ ಹೇಳಿ ಮುಗಿಸ್ತಾಳೆ" ಎಂದು ಓಣಿಯವರು ನಗುತ್ತಿದ್ದರು.

ಕ್ರಿಸ್ಮಸ್ ಕಳೆದ ವಾರ ದೋಣಿಗಾರ ಟೋನಿನ್ ಒಂದು ಉಪ್ಪಿನ ಮರಿಗೆ ಹೊತ್ತುಕೊಂಡು ಅಂಗಡಿಗೆ ಬಂದ. ಒಲೆಯ ಪಕ್ಕ ಗೋಡೆಗೆ ನೇತುಹಾಕುವಂಥದ್ದು, ಮುಚ್ಚಳವಿದ್ದ ಮರದ ಪೆಟ್ಟಿಗೆ.

"ಚೀನದವರು ಬೇಡ ಅಕ್ಕ, ಅವರಿಗೇನು ಗೊತ್ತು ಹುಟ್ಟು ಹಾಕೋದು? ನಮ್ಮ ಸಂತನ್ನ ಅಂಟಿಸು. ಕ್ರಿಸ್ತೋಫರನ್ನ. ಮಗೂನ ಹೆಗಲ ಮೇಲೆ ಕೂರಿಸ್ಕೊಂಡು ಹೊಳೆ ದಾಟಿಸ್ತಾನಲ್ಲ, ಅವನನ್ನ."

"ಅವನು ನಡ್ಕೊಂಡು ದಾಟಿಸ್ತಾನಪ್ಪ, ದೋಣಿ ಕೇಳೋದಿಲ್ಲ. ನಿನ್ನ ಅನ್ನಕ್ಕೇ ಕಲ್ಲು."

"ಅದಕ್ಕೇ ಅವನು ಸಂತ, ನಾನು ಟೋನಿನ್."

ಸಂತರ ಚಿತ್ರಗಳನ್ನು ಈಗ ಕೇಳುವವರು ಅಪರೂಪ. ಅವು ಅಟ್ಟಕ್ಕೆ ಹತ್ತುವ ಮೆಟ್ಟಿಲ ಕೆಳಗಿನ ಖಾನೆಯಲ್ಲಿ ಬಿದ್ದಿದ್ದವು. ಓರ್ಸೆತ್ತಾ ಮಂಡಿಯೂರಿ ಹುಡುಕಿದಳು. ಕ್ರಿಸ್ತೋಫರ ಸಿಕ್ಕಿದ್ದು ಒಬ್ಬನೇ, ಅವನೂ ಅರ್ಧ. ಸೊಂಟದಿಂದ ಕೆಳಗೆ: ಬರಿಗಾಲು, ನೀರಿನ ಸುಳಿ, ಊರಿದ ಕೋಲು. ಮೇಲಿನ ಅಂಚು ಅಡ್ಡಾದಿಡ್ಡಿ, ಹಾವು ಹರಿದ ಹಾಗೆ.

"ಯಜಮಾನ್ರೇ, ಇದನ್ನ ಯಾರು ಕತ್ತರಿಸಿದ್ದು? ಕಟುಕರ ಅಂಗಡಿಯವರಾ?"

"ಇಲಿ ಇರ್ಬೇಕು ಬಿಡೇ."

"ಇಲಿ ಆಗಿದ್ರೆ ಇದಕ್ಕಿಂತ ನೀಟಾಗಿ ಕಡೀತಿತ್ತು."

ಬಣ್ಣ ಹಾಕುವ ಪಾಸ್ಕ್ವಾ ಆ ವಾರ ಜ್ವರವೆಂದು ಬಂದಿರಲಿಲ್ಲ. ಓರ್ಸೆತ್ತಾಳೇ ನೀರಿಗೆ ಹಸಿರು, ಕೋಲಿಗೆ ಕಂದು ಹಚ್ಚಿದಳು. ಮರುಭೂಮಿಯ ಮುದುಕ ಸಂತನೊಬ್ಬನಿಂದ ಎದೆ ಮತ್ತು ಗಡ್ಡ ತಂದಳು. ಯೇಸು ಹುಟ್ಟಿದ ಗೋದಲಿಯ ಚಿತ್ರವೊಂದರಿಂದ ಒಂದು ಮಗುವನ್ನು ಬಿಡಿಸಿ ಹೆಗಲ ಮೇಲೆ ಕೂರಿಸಿದಳು. ಕೂಡಿಸುವ ಮುಂಚೆ ಆ ಡೊಂಕು ಅಂಚನ್ನು ಒಂದೇ ಉಸಿರಿನಲ್ಲಿ, ಸೊಂಟಪಟ್ಟಿಯ ಗೆರೆ ಹಿಡಿದು, ಸವರಿ ತೆಗೆದಳು. ಉಗುರಿನ ಸೀಳಿನಂಥ ಚೂರು ಮಡಿಲಿಗೆ ಬಿತ್ತು.

ಹಕ್ಕಿಯ ಚೂರು, ಹೂವಿನ ಚೂರು ಗುಡಿಸಿದರೆ ಕಾಲುವೆಗೆ. ಸಂತರ ಚೂರನ್ನು ಹಾಗೆ ಎಸೆಯುವಂತಿಲ್ಲ, ತುಳಿಯುವಂತಿಲ್ಲ. ಅದಕ್ಕೆಂದೇ ಕಿಟಕಿಯ ಮೇಲೆ ಮಣ್ಣಿನ ಭರಣಿಯೊಂದಿತ್ತು. ವರ್ಷಕ್ಕೊಮ್ಮೆ, ಬೂದಿ ಬುಧವಾರದ ಹಿಂದಿನ ದಿನ, ಆ ಭರಣಿ ಇಗರ್ಜಿಗೆ ಹೋಗಿ, ಚೂರುಗಳು ಗರಿಗಳ ಭಾನುವಾರದ ಹಳೆಯ ಆಲಿವ್ ರೆಂಬೆಗಳ ಜೊತೆ ಸುಟ್ಟು ಬೂದಿಯಾಗಿ, ಊರವರ ಹಣೆಗೇ ಬರುತ್ತಿದ್ದವು. ಓರ್ಸೆತ್ತಾ ಚೂರನ್ನು ಭರಣಿಗೆ ಹಾಕಿ ಮರೆತಳು.

ಪಾಸ್ಕ್ವಾ ಹತ್ತದ ಅಟ್ಟದಲ್ಲಿ ವಾರ್ನಿಷ್ ಒಣಗಿ ಮರಿಗೆ ಮುಗಿದಾಗ ಮುಖವಾಡಗಳ ಹಬ್ಬ ಕಾರ್ನಿವಲ್ ಅರ್ಧ ಕಳೆದಿತ್ತು. ಬೋರ್ತೊಲೊ ಕಣ್ಣು ಮುಚ್ಚಿ ಬೆರಳಾಡಿಸಿದ.

"ನೀನು ಬಿಟ್ರೆ ಅರ್ಧಚಂದ್ರನಿಗೂ ಇನ್ನರ್ಧ ಅಂಟಿಸ್ತೀಯ ಕಣೆ" ಎಂದ. ಅವನ ಬಾಯಲ್ಲಿ ಹೊಗಳಿಕೆ ಅಂದರೆ ಅಷ್ಟೇ.

ಕಾರ್ನಿವಲ್‌ನ ಕೊನೆಯ ದಿನ ಬೆಳಿಗ್ಗೆ ಪಾಸ್ಕ್ವಾ ನಗುತ್ತ ಓಡಿ ಬಂದಳು. ಅವಳು ನಕ್ಕಿದ್ದನ್ನು ಆ ಅಂಗಡಿಯಲ್ಲಿ ಯಾರೂ ಕಂಡಿರಲಿಲ್ಲ. ಅವಳ ಗಂಡ ಜೋರ್ಜಿ ಹೋದ ಹಡಗು ಮುಳುಗಿತೆಂದು ಸುದ್ದಿ ಬಂದು ನಾಲ್ಕು ವರ್ಷವಾಗಿತ್ತು. ಈಗ ಅವನೇ ಹೊಸ್ತಿಲ ಹೊರಗೆ ನಿಂತಿದ್ದ, ಬಿಸಿಲಿಗೆ ಸುಟ್ಟ ಮುಖ, ಒಂದು ಕಿವಿಯಿಲ್ಲ.

"ಬದುಕಿದಾನೆ ಅಕ್ಕ! ಕಡಲುಗಳ್ಳರ ಕೈಲಿ ಸಿಕ್ಕಿದ್ನಂತೆ. ನೋಡು, ನೋಡು, ನೆರಳು ಬೀಳ್ತಿದೆ, ದೆವ್ವ ಅಲ್ಲ!"

"ಕಿವಿ ಒಂದು ಅವರಿಗೆ ಕೊಟ್ಟು ಬಂದಿದೀನಿ" ಎಂದ ಜೋರ್ಜಿ. "ಇವಳು ಬೈಯೋದನ್ನ ಇನ್ಮೇಲೆ ಅರ್ಧ ಕೇಳಿದ್ರೆ ಸಾಕಲ್ಲ."

ಎಲ್ಲರೂ ನಕ್ಕರು. ನಗುತ್ತಲೇ ಪಾಸ್ಕ್ವಾ ಮೆಟ್ಟಿಲ ಕೆಳಗೆ ಹೋಗಿ ಸಂತರ ಖಾನೆ ಎಳೆದಳು. ಹಾಳೆ ಒಂದೊಂದಾಗಿ ತೆಗೆದಳು. ಆಮೇಲೆ ಬೇಗ ಬೇಗ ತೆಗೆದಳು. ಆಮೇಲೆ ಖಾನೆಯನ್ನೇ ನೆಲಕ್ಕೆ ಬೋರಲು ಹಾಕಿದಳು.

"ಅಕ್ಕ, ಇಲ್ಲೊಂದು ಕ್ರಿಸ್ತೋಫರ ಇತ್ತಲ್ಲ. ಅರ್ಧ. ಕಾಲು, ನೀರು..."

"ಅದಾ? ಅದನ್ನ ನಾನು ಪೂರ್ತಿ ಮಾಡಿ..." ಎಂದ ಓರ್ಸೆತ್ತಾಳ ಬಾಯಿ, ಪಾಸ್ಕ್ವಾಳ ಮುಖ ನೋಡಿ ಹಾಗೇ ತೆರೆದು ನಿಂತಿತು.

"ಅದು ನನ್ನ ಮಗು ಅಕ್ಕ."

ಪಾಸ್ಕ್ವಾಳೇ ಹೇಳಿದಳು, ನೆಲದ ಮೇಲೆ ಕೂತು, ಯಾರದೋ ಕಥೆಯೆಂಬಂತೆ. ಹಡಗಿನ ಸುದ್ದಿ ಬಂದಾಗ ಕೂಸಿಗೆ ಮೂರು ತಿಂಗಳು. ಎದೆಹಾಲು ಬತ್ತಿತು. ಒಂದು ದಿನ ನಸುಕಿಗೆ ಗಂಟೆ ಎಳೆದಳು. ಕ್ರಿಸ್ತೋಫರನ ಹಾಳೆ ಕತ್ತರಿಸಿ, ಮಗುವಿದ್ದ ಮೇಲಿನರ್ಧ ಕೂಸಿಗೆ ಕಟ್ಟಿ, ಹೊಳೆಯ ಅರ್ಧ ತನಗಿಟ್ಟುಕೊಂಡಳು. ಬೇರೆ ಓಣಿಯಲ್ಲಿದ್ದಳು ಆಗ, ಕೂಸು ಹೋಯಿತೆಂದಷ್ಟೇ ಎಲ್ಲರಿಗೂ ಹೇಳಿದ್ದಳು. ಅವಳ ಕೋಣೆಯ ಗೋಡೆಯಿಂದ ವರ್ಷವಿಡೀ ನೀರು ಇಳಿಯುತ್ತಿತ್ತು, ಕಾಗದ ಇಟ್ಟರೆ ಬೂಸಲು. ಈ ನೀರಿನೂರಲ್ಲಿ ವಾರ್ನಿಷ್ ಒಣಗಬೇಕೆಂದು ಹಗಲೂ ರಾತ್ರಿ ಬೆಚ್ಚಗಿರುವ ಜಾಗ ಇದೊಂದೇ. ಕಾಗದ ಬಚ್ಚಿಡಲು ಕಾಗದಗಳ ನಡುವೆಯೇ ಇಟ್ಟಳು. ಯಾರೂ ಕೇಳದ ಸಂತರ ನಡುವೆ.

"ನಡುಗೋ ಕೈಲಿ ಕತ್ತರಿಸಿದ್ದೆ. ಅದಕ್ಕೇ ಅಂಕುಡೊಂಕು" ಎಂದಳು.

ಓರ್ಸೆತ್ತಾ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಕಟುಕರ ಅಂಗಡಿ, ಇಲಿ, ತಾನಾಡಿದ್ದೆಲ್ಲ ಕಿವಿಯಲ್ಲಿ ಮತ್ತೆ ಕೇಳಿಸಿತು. ಆ ಗೋಡೆಯ ಪಕ್ಕದಲ್ಲಿ ಐವತ್ತು ವರ್ಷ ಮಲಗಿದವಳು ತಾನು. ಅರ್ಧ ಚಿತ್ರ ಕೈಯಲ್ಲಿ ಹಿಡಿದು, ಇದರ ಇನ್ನರ್ಧ ಎಲ್ಲಿ ಎಂದು ಒಂದು ಗಳಿಗೆ ಯೋಚಿಸದೆ ಹೋದವಳೂ ತಾನೇ.

ಅವಳು ಎದ್ದಳು. ಮುಸುಕು ಹೊದ್ದುಕೊಳ್ಳುವುದನ್ನೂ ಮರೆತು ಟೋನಿನ್‌ನ ಮನೆಗೆ ಹೋದಳು. ಸೇತುವೆಯ ಮೇಲೆ ಉದ್ದ ಮೂಗಿನ ಮುಖವಾಡದವನೊಬ್ಬ ಅಡ್ಡ ನಿಂತು ಕೀರಲು ದನಿಯಲ್ಲಿ "ಅಜ್ಜೀ, ಮುಖವಾಡ ಎಲ್ಲಿ?" ಎಂದ. ಅವಳ ಮುಖ ನೋಡಿದವನೇ ದಾರಿ ಬಿಟ್ಟ.

ಟೋನಿನ್ ಒಲೆಯ ಮುಂದೆ ಜೋಳದ ಮುದ್ದೆ ತಿರುವುತ್ತಿದ್ದ. ಮರಿಗೆ ಗೋಡೆಯ ಮೇಲಿತ್ತು.

"ಏನಕ್ಕ ಇದು, ಕೊಟ್ಟಿದ್ದನ್ನ ವಾಪಸ್ ಕೇಳೋದಾ? ಹಬ್ಬದ ತಮಾಷೆನಾ?"

"ತಮಾಷೆ ಅಲ್ಲ ತಮ್ಮ. ಪಾಸ್ಕ್ವಾ ಮಗು ಇದರೊಳಗಿದೆ."

ಟೋನಿನ್ ಅವಳನ್ನು ನೋಡಿದ, ಮರಿಗೆಯನ್ನು ನೋಡಿದ. ಮತ್ತೇನೂ ಕೇಳದೆ ಉಪ್ಪನ್ನು ತಟ್ಟೆಗೆ ಸುರಿದು, ಮರಿಗೆಯ ತಳವನ್ನು ಅಂಗಿಯ ತೋಳಿನಿಂದ ಒರೆಸಿ ಕೈಗಿತ್ತ.

ವಾರ್ನಿಷ್ ಕರಗಿಸಿ ಕಾಗದ ಬಿಡಿಸಲಾದೀತೇ ಎಂದು ಬೋರ್ತೊಲೊನನ್ನು ಕೇಳಿದಳು. ಅವನು ತಲೆಯಾಡಿಸಿದ. "ರಾಳ ಬಿಡುತ್ತೆ, ಜೊತೆಗೆ ಶಾಯೀನೂ ಬಿಡುತ್ತೆ. ಬಿಳಿ ಕಾಗದ ತಗೊಂಡು ಏನ್ಮಾಡ್ತೀಯ?" ಮರಿಗೆಯನ್ನೇ ಒಯ್ಯುವುದೆಂದಾಯಿತು. ಓರ್ಸೆತ್ತಾ ಅದನ್ನು ಎದೆಗವಚಿಕೊಂಡು ಮುಂದೆ, ಗಂಡ ಹೆಂಡತಿ ಹಿಂದೆ. ದಾರಿಯಲ್ಲಿ ಪಾಸ್ಕ್ವಾ ಬೈದಿದ್ದರೆ ಓರ್ಸೆತ್ತಾಳಿಗೆ ನಡೆಯುವುದು ಸುಲಭವಾಗುತ್ತಿತ್ತು.

ಅನಾಥಾಲಯದ ಬಾಗಿಲು ಕಾಯುವ ಮುದುಕಿಯನ್ನು ಎಲ್ಲರೂ ಬಾಗಿಲ ತಾಯಿ ಎನ್ನುತ್ತಿದ್ದರು. ಅವಳು ಕಥೆ ಕೇಳಿದಳು. ದಿನ, ತಿಂಗಳು, ಸುತ್ತಿದ ಬಟ್ಟೆಯ ಬಣ್ಣ ಕೇಳಿದಳು. ಒಳಗೆ ಹೋಗಿ ಸಣ್ಣದೊಂದು ಬಟ್ಟೆಚೀಲ ತಂದಳು. ಅದರಿಂದ ಹಳದಿಗಟ್ಟಿದ ಅರ್ಧ ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟಳು. ಬಣ್ಣವಿಲ್ಲದ ಸಂತ, ಹೆಗಲ ಮೇಲೆ ಮಗು. ಪಾಸ್ಕ್ವಾ ಬಾಯಿಗೆ ಮುಸುಕಿನ ಅಂಚು ಒತ್ತಿಕೊಂಡಳು.

"ನಿನ್ನ ಅರ್ಧ ಕೊಡಮ್ಮ."

ಓರ್ಸೆತ್ತಾ ಮರಿಗೆಯನ್ನು ಮೇಜಿನ ಮೇಲೆ ಮಲಗಿಸಿದಳು. ಪಾಸ್ಕ್ವಾ ಅದನ್ನು ಸರಿಯಾಗಿ ನೋಡಿದ್ದು ಆಗ. ತನ್ನ ಹೊಳೆ, ತನ್ನ ಕೋಲು. ಅದರ ಮೇಲೆ ಯಾವನದೋ ಗಡ್ಡ, ಹೆಗಲ ಮೇಲೆ ಕೆನ್ನೆ ಕೆಂಪಗಿನ ಬೇರೆ ಯಾರದೋ ಮಗು, ನಗುತ್ತಿತ್ತು.

"ಇದರಲ್ಲಿ ಅವಳದು ಎಲ್ಲಿಂದ ಎಲ್ಲಿವರೆಗೆ?" ಎಂದಳು ಬಾಗಿಲ ತಾಯಿ.

"ಇಲ್ಲಿಂದ..." ಎಂದು ಓರ್ಸೆತ್ತಾ ಬೆರಳಿಟ್ಟಳು. ಸಿಗಲಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದಳು. ಸೊಂಟದ ಹತ್ತಿರ, ಮೇಲೆ, ಕೆಳಗೆ. ಗಾಜಿನಂಥ ನುಣುಪು. ತಾನೇ ಕೂಡಿಸಿದ ಜಾಗ ತನಗೇ ಸಿಗಲಿಲ್ಲ. ಜೀವಮಾನದ ಹೆಮ್ಮೆಯೆಲ್ಲ ಆ ನುಣುಪಿನಲ್ಲಿತ್ತು.

ಬಾಗಿಲ ತಾಯಿ ತನ್ನ ಅರ್ಧವನ್ನು ಮರಿಗೆಯ ಮೇಲಿಟ್ಟು ಸರಿಸಿ ಸರಿಸಿ ನೋಡಿದಳು. ಡೊಂಕು ಅಂಚು ಎಲ್ಲೂ ಕೂರಲಿಲ್ಲ.

"ಸಂತ ಅವನೇ ಅಲ್ವಾ ತಾಯಿ?" ಎಂದ ಜೋರ್ಜಿ. "ಅದೇ ಹೊಳೆ, ಅದೇ ಕೋಲು!"

"ಸಂತ ಊರಿಗೆಲ್ಲ ಒಬ್ಬನೇ ಕಣಪ್ಪ. ಇಂಥ ಹಾಳೆ ಸೇತುವೆ ಮೇಲೆ ರಾಶಿ ಹಾಕಿ ಮಾರ್ತಾರೆ." ಅವಳ ದನಿಯಲ್ಲಿ ಕೋಪವಿರಲಿಲ್ಲ. "ಕತ್ತರಿ ಹೋದ ದಾರಿ ಮಾತ್ರ ಒಬ್ಬೊಬ್ಬ ತಾಯಿದು ಒಂದೊಂದು. ನಾವು ನೋಡೋದು ಅದನ್ನ. ಅದಿಲ್ದೆ ನಾನು ಮಗು ಕೊಟ್ರೆ, ನಾಳೆ ಇನ್ನೊಬ್ಬಳು ಬಂದು ನನ್ನ ಮಗು ಎಲ್ಲಿ ಅಂತ ಕೇಳಿದ್ರೆ?"

"ಬೇರೆ ಏನೂ ಇಲ್ವಾ? ಅವಳ ಕತ್ತಲ್ಲಿ ಒಂದು ಮಚ್ಚೆ ಇತ್ತು..." ಎಂದಳು ಪಾಸ್ಕ್ವಾ.

"ನನ್ನ ಕತ್ತಲ್ಲೂ ಇದೆ ತಾಯಿ."

ಅಲ್ಲಿಯವರೆಗೆ ನಿಂತಿದ್ದ ಪಾಸ್ಕ್ವಾ ಗೋಡೆಗೆ ಒರಗಿದಳು. ಅಳಲಿಲ್ಲ. ಓರ್ಸೆತ್ತಾಳ ಕಡೆ ತಿರುಗಿ, ಬಹಳ ಮೆಲ್ಲಗೆ ಕೇಳಿದಳು:

"ಅಂಚು ಏನ್ಮಾಡ್ದೆ ಅಕ್ಕ?"

ಓರ್ಸೆತ್ತಾಳಿಗೆ ಕತ್ತರಿ ನೆನಪಾಯಿತು, ಆ ಒಂದೇ ಉಸಿರು ನೆನಪಾಯಿತು, ಮಡಿಲಿಗೆ ಬಿದ್ದ ಚೂರು ನೆನಪಾಯಿತು. ಚೂರು. ಸಂತನ ಚೂರು.

"ಇವತ್ತು ಯಾವ ವಾರ?" ಎಂದಳು.

"ಹುಚ್ಚು ಹಿಡೀತಾ ಇವಳಿಗೆ?" ಎಂದ ಜೋರ್ಜಿ.

"ಯಾವ ವಾರ ಹೇಳ್ರೋ!"

"ಮಂಗಳವಾರ. ನಾಳೆ ಬೂದಿ" ಎಂದಳು ಬಾಗಿಲ ತಾಯಿ. ಓರ್ಸೆತ್ತಾ ಆಗಲೇ ಬೀದಿಯಲ್ಲಿದ್ದಳು.

ಓಡಿ ಎಷ್ಟು ವರ್ಷವಾಗಿತ್ತೋ. ಪಕ್ಕೆ ಚುಚ್ಚುತ್ತಿತ್ತು. ಇಗರ್ಜಿಯ ಅಂಗಳದಿಂದ ಹೊಗೆ ಏಳುತ್ತಿತ್ತು. ರೆಂಬೆ ಸುಡಲು ಶುರುಮಾಡಿದ್ದರು. ಆ ಹೊಗೆ ಕಂಡು ಅವಳ ಕಾಲು ಒಮ್ಮೆ ನಿಂತೇಹೋಯಿತು. ಇಗರ್ಜಿಯ ಕಡೆಗೋ, ಅಂಗಡಿಯ ಕಡೆಗೋ? ಅಂಗಡಿಗೇ ಓಡಿದಳು.

ಬೋರ್ತೊಲೊ ಬಾಗಿಲಲ್ಲಿ ಕರಿದ ಸಿಹಿಗಡುಬು ತಿನ್ನುತ್ತ ನಿಂತಿದ್ದ, ತುಟಿಗೆಲ್ಲ ಸಕ್ಕರೆ.

"ಭರಣಿ! ಇಗರ್ಜಿಗೆ ಕಳಿಸಿದ್ರಾ?"

"ಬೆಳಿಗ್ಗೆಯಿಂದ ಕೊಡೋಣ ಕೊಡೋಣ ಅಂತಾನೇ ಇದೀನಿ ಕಣೆ. ಹಬ್ಬದ ದಿನ ಬೈಬೇಡ, ಈಗ್ಲೇ..."

ಅವನ ಸೋಮಾರಿತನವನ್ನು ಅವಳು ಬೈಯದೆ ಕಳೆದ ದಿನವಿರಲಿಲ್ಲ. ಈಗ ಅವನ ಸಕ್ಕರೆ ಮೆತ್ತಿದ ಕೈ ಹಿಡಿದು ಮುತ್ತಿಟ್ಟಳು. ಬೋರ್ತೊಲೊ ಬೆಪ್ಪಾಗಿ ನಿಂತ.

ಭರಣಿಯನ್ನು ಮೇಜಿನ ಮೇಲೆ ಸುರಿದಳು. ಪ್ರಭಾವಳಿಯ ಸುತ್ತಲಿನ ಬಿಳುಪು, ದೇವದೂತರ ಪಾದದ ಕೆಳಗಿನ ಮೋಡ, ಮೇರಿಯ ನಿಲುವಂಗಿಯಾಚೆಯ ಆಕಾಶ. ವರ್ಷವಿಡೀ ತಾನು ಬೇಡವೆಂದು ತೆಗೆದದ್ದೆಲ್ಲ ಅಲ್ಲಿತ್ತು. ಉಸಿರು ಬಿಟ್ಟರೆ ಹಾರುತ್ತದೆಂದು ಉಸಿರು ಕಟ್ಟಿ ಹುಡುಕಿದಳು. ಮೊದಲು ಸಿಕ್ಕಿದ್ದು ಅದಲ್ಲ. ಎರಡನೆಯದೂ ಅಲ್ಲ. ಬೋರ್ತೊಲೊ ಬೆರಳು ನೆಕ್ಕಿಕೊಂಡು ಸಹಾಯಕ್ಕೆ ಬಂದಾಗ "ಮುಟ್ಬೇಡಿ!" ಎಂದು ಕಿರುಚಿದಳು. ಕೊನೆಗೆ ಒಂದು ಮೋಡದ ಕೆಳಗೆ ಅದಿತ್ತು. ಒಂದು ಕಡೆ ಅವಳ ಕತ್ತರಿಯ ನುಣುಪು. ಇನ್ನೊಂದು ಕಡೆ, ನಡುಗುವ ಕೈಯೊಂದು ನಸುಕಿನಲ್ಲಿ ಹೋದ ದಾರಿ.

ಅನಾಥಾಲಯಕ್ಕೆ ಅದನ್ನು ಎರಡು ಅಂಗೈಗಳ ನಡುವೆ, ಹಿಡಿದ ಗುಬ್ಬಚ್ಚಿಯಂತೆ, ತಂದಳು. ಮೇಜಿನ ಮೇಲೆ ಇಡಲು ಕೈ ಒಪ್ಪಲಿಲ್ಲ. ಪಾಸ್ಕ್ವಾಳೇ ಅವಳ ಅಂಗೈಯಿಂದ ಚೂರನ್ನು ತೆಗೆದುಕೊಂಡಳು. ಹಳದಿ ಹಾಳೆಯ ಅಂಚಿಗೆ ಸರಿಸಿದಳು. ಏರು ಇಳಿವಿಗೆ ಕೂತಿತು, ತಗ್ಗು ಉಬ್ಬಿಗೆ ಕೂತಿತು. ಸಂತನ ಸೊಂಟಪಟ್ಟಿಯ ಗೆರೆಗಳು ಒಂದನ್ನೊಂದು ಮುಟ್ಟಿದವು. ಕತ್ತರಿ ತಪ್ಪಿ ಹಿಂದಕ್ಕೆ ಬಂದು ಮತ್ತೆ ಮುಂದೆ ಹೋಗಿದ್ದ ಒಂದು ಸಣ್ಣ ಕೊಕ್ಕೆಯಿತ್ತು. ಅದೂ ಕೂತಿತು.

ಬಾಗಿಲ ತಾಯಿ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು, ಮತ್ತೆ ನೋಡಿದಳು.

"ಇಲ್ಲಿ ಅವಳನ್ನ ಮಾರೀನಾ ಅಂತ ಕರೀತೀವಿ" ಎಂದಳು. "ಅಳೋದಿಲ್ಲ. ಮೀನು ತಿನ್ನೋದಿಲ್ಲ. ಇರಿ, ಕರ್ಕೊಂಡು ಬರ್ತೀನಿ."

ಜೋರ್ಜಿ ಟೋಪಿ ತೆಗೆದು, ಇಲ್ಲದ ಕಿವಿಯ ಕಡೆಯ ಕೂದಲನ್ನು ಸರಿಮಾಡಿಕೊಂಡ. "ನನ್ನ ನೋಡಿ ಹೆದರ್ತಾಳೇನೋ" ಎಂದ. ಪಾಸ್ಕ್ವಾ ಅವನ ಟೋಪಿಯನ್ನು ಮತ್ತೆ ಅವನ ತಲೆಗೇ ಇಟ್ಟಳು. ಚೂರಿನ ಮೇಲಿದ್ದ ಬೆರಳನ್ನು ಮಾತ್ರ ತೆಗೆಯಲಿಲ್ಲ, ಗಾಳಿಗೆ ಹೋದೀತೆಂಬಂತೆ.

ಓರ್ಸೆತ್ತಾ ಮರಿಗೆಯನ್ನು ಎತ್ತಿಕೊಂಡಳು. ಸಂತನ ಹೆಗಲ ಮೇಲಿನ ಕೆಂಪು ಕೆನ್ನೆಯ ಮಗು ನಗುತ್ತಲೇ ಇತ್ತು. ಹೆಬ್ಬೆರಳು ಅವಳ ಹಿಡಿತ ಮೀರಿ ಅದರ ಅಂಚು ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಆ ಭರಣಿ ಬೆಳಿಗ್ಗೆಯೇ ಹೋಗಿದ್ದರೆ. ಬೋರ್ತೊಲೊ ಒಂದು ದಿನದ ಮಟ್ಟಿಗೆ ಚುರುಕಾಗಿದ್ದಿದ್ದರೆ. ನಾಳೆ ಹಣೆಯ ಮೇಲೆ ಬೂದಿ ಹಚ್ಚಿಕೊಂಡು ತಾನು ಏನನ್ನು ಹೊತ್ತು ತಿರುಗುತ್ತಿದ್ದೆ?

"ಕೂತ್ಕೋ ಅಕ್ಕ" ಎಂದಳು ಪಾಸ್ಕ್ವಾ, ಅವಳ ಕಡೆ ನೋಡದೆ. "ನೋಡ್ಕೊಂಡು ಹೋಗು."

ಒಳಗಿನ ಉದ್ದ ಪಡಸಾಲೆಯಲ್ಲಿ ಮರದ ಪಾದರಕ್ಷೆಯ ಪುಟ್ಟ ಸದ್ದು ಕೇಳಿಸಿತು, ಇನ್ನೂ ದೂರದಲ್ಲಿ, ಟಕ್ ಟಕ್ ಎಂದು.

"ಇಲ್ಲ ಕಣೆ, ಟೋನಿನ್ ಮನೇಲಿ ಉಪ್ಪು ತಟ್ಟೇಲೇ ಬಿದ್ದಿದೆ, ಈ ಮಂಜಿಗೆ ನೀರಾಗ್ಬಿಡುತ್ತೆ" ಎನ್ನುತ್ತ ಓರ್ಸೆತ್ತಾ ಬಾಗಿಲು ದಾಟಿ ಮೆಟ್ಟಿಲಿಳಿದಳು, ಮರಿಗೆ ಎದೆಗೆ, ಮುಸುಕಿಲ್ಲದ ತಲೆ, ಮುಖವಾಡದವರ ನಡುವೆ ದಾರಿ ಮಾಡಿಕೊಳ್ಳುತ್ತ, "ಇದನ್ನ ಕೊಟ್ಬಿಟ್ಟು ಬರ್ತೀನಿ, ಇಲ್ಲ, ಕೊಡೋಕೆ ಮುಂಚೆ ಈ ಮಗೂನ ನಾನು..." ಆ ಮಾತನ್ನು ಅವಳು ಅರ್ಧಕ್ಕೇ ಬಿಟ್ಟಳು.